ಮಂಗಳವಾರದ ನಂಬರು

ನಮ್ಮ ಕಡೆಯ ದವಾಖಾನಿಯಲ್ಲಿ ಶುಗರ್ ಇದ್ದವರನ್ನು ಈಗ ಛಲೋ ನೋಡಿಕೊಳ್ಳುತ್ತಾರೆ. ಹೊಸ ಮಷೀನು ಬಂದಿದ್ದಕ್ಕೆ ಹಿಂಗಾಯಿತು ಎಂದು ಮಂದಿ ಹೇಳುತ್ತಾರೆ. ಅದು ಸುಳ್ಳು. ಹಳೇ ಮಷೀನೂ ಖರೇನೇ ಹೇಳುತ್ತಿತ್ತು. ಸುಳ್ಳು ಹೇಳುತ್ತಿದ್ದವರು ನಾವು ಹೆಂಗಸರು. ಬಾಯಿಲೆ ಹೇಳಿದ್ದರೆ ಯಾರಾದರೂ ಹಿಡಿಯುತ್ತಿದ್ದರು, ನಾವು ಹೊಟ್ಟಿಲೆ ಹೇಳುತ್ತಿದ್ದೆವು. ಆ ಹಾದಿ ಮೊದಲು ತೋರಿಸಿದವಳು ನಾನು. ಕಡೆಗೆ ಅದನ್ನು ಒಡೆದು ಹೇಳಿದವಳೂ ನಾನೇ. ನನ್ನ ನೆಗೆಣ್ಣಿಯ ಕಾಲ್ಬೆರಳು ಉಳಿಯಬೇಕಾಗಿತ್ತು, ಅದಕ್ಕೆ ಹೇಳಿದೆ.

ನಾನು ಮುಗದ ಊರಿನ ಮಗಳು. ಎರಡನೇ ಇಯತ್ತೆಗೆ ಸಾಲಿ ಬಿಡಿಸಿ ಎಮ್ಮಿ ಕಾಯಲು ಹಚ್ಚಿದರು. ಲಗ್ನವಾಗಿ ಬೈರಿದೇವರಕೊಪ್ಪಕ್ಕೆ ಬಂದಾಗ ಸುತ್ತ ಹೊಲ ಇದ್ದವು, ಈಗ ಮಹಡಿ ಮನಿ ಎದ್ದಿವೆ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಅಣ್ಣತಮ್ಮಂದಿರು ಬ್ಯಾರೆ ಆದಾಗ ಮನಿಗೆ ನಡುವೆ ಗೋಡೆ ಹಾಕಿ ಎರಡು ಮಾಡಿದರು. ಬಚ್ಚಲಕ್ಕೆ ಗೋಡೆ ಹಾಕಲು ಜಾಗ ಸಾಲಲಿಲ್ಲ. ಹಿಂಗಾಗಿ ಬಚ್ಚಲ ಒಂದೇ, ನಳ ಒಂದೇ, ಜಗಳ ದಿನಾ. ನಳಕ್ಕೆ ಯಾರ ಕೊಡ ಮೊದಲು, ಹಗ್ಗದ ಮೇಲೆ ಯಾರ ಸೀರಿ ಎಷ್ಟು ಜಾಗ ಹಿಡಿಯಿತು, ಇಷ್ಟರಲ್ಲೇ ಮೂವತ್ತು ವರ್ಷ ಹೋದವು. ಇಬ್ಬರ ಗಂಡಂದಿರೂ ತೀರಿಕೊಂಡರು, ಮೊಮ್ಮಕ್ಕಳಾದರು, ಜಗಳ ಹಂಗೇ ಇತ್ತು. ಆಕಿ ಒಂದು ಖಾನಾವಳಿಯಲ್ಲಿ ನಿಂತು ಜೋಳದ ರೊಟ್ಟಿ ಬಡಿಯುವವಳು. ಮಗ ಬ್ಯಾಡ ಅಂದರೂ ಬಿಟ್ಟವಳಲ್ಲ. ರೊಟ್ಟಿ ಛಲೋ ಬಡಿಯುತ್ತಾಳೆ. ಅದನ್ನು ನಾನು ಆಕಿಯ ಮುಂದೆ ಎಂದೂ ಹೇಳಿಲ್ಲ.

ಇಬ್ಬರಿಗೂ ಶುಗರ್. ನನಗೆ ಹನ್ನೆರಡು ವರ್ಷದಿಂದ, ಆಕಿಗೆ ಹತ್ತು ವರ್ಷದಿಂದ. ದವಾಖಾನಿಯಲ್ಲಿ ಶುಗರ್ ಮಂದಿಯ ಪಾಳಿ ಮಂಗಳವಾರ ಮುಂಜಾನೆ. ರಾತ್ರಿ ಉಂಡಿದ್ದು ಬಿಟ್ಟರೆ ಮುಂಜಾನೆ ಏನೂ ತಿನ್ನದೆ ಹೋಗಬೇಕು. ಸಿಸ್ಟರ್ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ಮಷೀನಿಗೆ ಹಚ್ಚುತ್ತಾಳೆ. ನಂಬರು ಬರುತ್ತದೆ. ಆ ನಂಬರು ನೋಡಿ ಡಾಕ್ಟರ್ ಸಾಹೇಬರು ಗುಳಿಗಿ ಬರೆಯುತ್ತಾರೆ.

ಸಾಹೇಬರು ಕೆಟ್ಟವರಲ್ಲ. ಆದರೆ ಮಧ್ಯಾಹ್ನದೊಳಗೆ ಅಷ್ಟೂ ಮಂದಿಯನ್ನು ಒಬ್ಬರೇ ನೋಡಬೇಕು, ಕೈಗಿಂತ ಬಾಯಿ ಮುಂದೆ ಓಡುತ್ತಿತ್ತು. ನಂಬರನ್ನು ಪಾಳಿಯೆಲ್ಲ ಕೇಳುವಂಗೆ ಓದುತ್ತಿದ್ದರು.

"ಮುನ್ನೂರಾ ಇಪ್ಪತ್ತು. ಯಾರ ಮದವಿಗೆ ಹೋಗಿದ್ರಿ ಅಮ್ಮಾ? ಹೋಳಗಿ ಎಷ್ಟ ಹೊಡದ್ರಿ?"

ಪಾಳಿ ನಗುತ್ತಿತ್ತು. ನಾನೂ ನಗುತ್ತಿದ್ದೆ. ನಗಿಸಿಕೊಂಡವಳು ಸೆರಗು ಎಳೆದುಕೊಂಡು ಹೊರಗೆ ಹೋಗುತ್ತಿದ್ದಳು. ಕೆಲವರು ಮತ್ತೆ ಬರುತ್ತಲೇ ಇರಲಿಲ್ಲ.

ನನ್ನ ನಂಬರು ಮಾತ್ರ ಯಾವಾಗಲೂ ನೂರಾ ಹತ್ತರ ಆಜೂಬಾಜೂ. ಯಾಕೆಂದರೆ ತವರಿನ ಕಡೆಯಿಂದ ನನಗೆ ಸೋಮವಾರ ಶಿವನ ಒಪ್ಪತ್ತು. ಹಗಲೆಲ್ಲ ಉಪವಾಸ ಇದ್ದು, ಸಂಜಿಗೆ ಪೂಜಿ ಮುಗಿಸಿ ಒಂದೇ ಹೊತ್ತು ಉಣ್ಣುವುದು. ವಯಸ್ಸಾದ ಮೇಲೆ ನನಗೆ ಆ ಒಂದು ಹೊತ್ತೂ ಬ್ಯಾಡಾಗಿ ಒಂದು ಕಪ್ಪು ಹಾಲು ಕುಡಿದು ಮಲಗುತ್ತಿದ್ದೆ. ಮರುದಿನ ಮಂಗಳವಾರ, ನಂಬರು ಬಂಗಾರದಂಗೆ ಬರುತ್ತಿತ್ತು. ಬುಧವಾರದಿಂದ ರವಿವಾರದ ತನಕ ನಾನು ಏನು ತಿಂದೆ ಎಂದು ಆ ಸೂಜಿ ಕೇಳುತ್ತಿರಲಿಲ್ಲ.

"ಇವರನ್ನ ನೋಡಿ ಕಲೀರಿ," ಎಂದರು ಸಾಹೇಬರು ಒಂದು ದಿನ, ನನ್ನ ಕಾರ್ಡು ಎತ್ತಿ ಹಿಡಿದು. ನಾನು ಸೆಟೆದು ನಿಂತೆ. ಸಾಲಿಯಲ್ಲಿ ಸಿಗದ ಶಾಬಾಶ್‌ಗಿರಿ ದವಾಖಾನಿಯಲ್ಲಿ ಸಿಕ್ಕಿತ್ತು.

ಹೊರಗೆ ಬಂದ ಕೂಡಲೇ ಹೆಂಗಸರು ಮುತ್ತಿದರು. ಹೆಂಗ ಮಾಡ್ತೀಯವ್ವಾ, ಏನ ತಿಂತೀಯವ್ವಾ ಎಂದು ಕೇಳಿದರು. ನಾನು ಖರೇನೇ ಹೇಳಿದೆ: ಸೋಮವಾರ ಬಾಯಿ ಕಟ್ಟರಿ. ಅಷ್ಟೇ. ಮುಂದಿನ ತಿಂಗಳು ನನ್ನ ನೆಗೆಣ್ಣಿ ಕಟ್ಟಿದಳು, ಅದರ ಮುಂದಿನ ತಿಂಗಳು ಅರ್ಧ ಪಾಳಿ ಕಟ್ಟಿತು. ನಮ್ಮ ಮಗ್ಗಲ ಮನಿಯ ಆಪಾ ಕೂಡ ಶುರು ಮಾಡಿದಳು. ಆಕಿಯ ಗಂಡ ಆಟೋರಿಕ್ಷಾದ ಸೀಟು ಹೊಲಿಯುತ್ತಾನೆ. ನಾನು ಆಕಿಯನ್ನು ಕೆಣಕಿದೆ.

"ಏನ ಆಪಾ, ಶಿವನ ಕಡೆ ಬಂದಿ?"

"ನಮ್ಮಾಗೂ ಸೋಮವಾರ ರೋಜಾ ಹಿಡಿಯೂದ ಐತಿ ಅಕ್ಕಾ," ಅಂದಳು. "ನಿನ್ನ ದೇವರಿಗೂ ಅಲ್ಲ, ನನ್ನ ದೇವರಿಗೂ ಅಲ್ಲ, ಡಾಕ್ಟರ್‌ಗೆ ಅಂಜಿ ಹಿಡದೇನಿ."

ಮಂಗಳವಾರ ರಕ್ತ ಕೊಟ್ಟು ಗೇಟು ದಾಟಿದರೆ ಎದುರಿಗೇ ಒಂದು ಗಿರ್ಮಿಟ್ ಗಾಡಿ, ಚುರಮರಿಗೆ ಉಳ್ಳಾಗಡ್ಡಿ ಒಗ್ಗರಣಿ ಕಲಸಿ ಕೊಡುತ್ತಾನೆ. ಹಿಂದಿನ ದಿನದ ಹಸಿವು ಹೊಟ್ಟ್ಯಾಗ ಕುಣಿಯುತ್ತಿತ್ತು. ಎಲ್ಲರೂ ಅಲ್ಲೇ ಇಳಿಯುತ್ತಿದ್ದೆವು. ಗಿರ್ಮಿಟ್, ಮಿರ್ಚಿ ಭಜಿ, ಮೇಲೆ ಸಕ್ಕರಿ ಹಾಕಿದ ಚಹಾ. ಬ್ಯಾರೆ ದಿನ ಒಂದು ಚೀಲ ಚುರಮರಿ ಸಾಕು, ಮಂಗಳವಾರಕ್ಕೆ ಎರಡು ಬೇಕು ಎಂದು ಗಾಡಿಯವನು ಹೇಳುತ್ತಿದ್ದ.

ನಂಬರು ತಿಂಗಳಾನುಗಟ್ಟಲೆ ಛಲೋ ಬಂದಿದ್ದಕ್ಕೆ ಸಾಹೇಬರು ಖುಷಿಯಾದರು. ಗುಳಿಗಿ ಕಡಿಮಿ ಮಾಡಿದರು. ನೆಗೆಣ್ಣಿಗೆ ಎರಡು ಇದ್ದದ್ದು ಒಂದಾಯಿತು. ಗುಳಿಗಿ ಕಡಿಮಿ ಆಯಿತೆಂದು ಆಕಿ ಓಣಿಗೆಲ್ಲ ಪೇಡೆ ಹಂಚಿದಳು. ನಾನೂ ಎರಡು ತಿಂದೆ.

ಆ ಬ್ಯಾಸಗಿಯಲ್ಲಿ ಆಕಿ ಹೊಸ ಚಪ್ಪಲಿ ತಂದಳು. ಒಂದು ಮುಂಜಾನೆ ನಾನು ಬಚ್ಚಲದ ಮುಂದಿನ ಕಲ್ಲು ಒರೆಸುತ್ತಿದ್ದೆ. ಆಕಿ ಜಳಕ ಮಾಡಿ ಒದ್ದಿ ಕಾಲಲ್ಲೇ ಹೋಗಿದ್ದಳು. ಹೆಜ್ಜಿ ಮೂಡಿದ್ದವು. ಎಡಗಾಲಿಗೆ ಐದು ಬೆರಳು ಇದ್ದವು. ಬಲಗಾಲಿಗೆ ನಾಲ್ಕೇ ಇದ್ದವು, ಹೆಬ್ಬೆರಳು ನೆಲಕ್ಕೆ ಹತ್ತಿರಲಿಲ್ಲ. ಮೂವತ್ತು ವರ್ಷ ಆಕಿಯ ಹೆಜ್ಜಿ ಒರೆಸಿ ಬೈದವಳು ನಾನು, ನನಗೆ ಗೊತ್ತಾಗದೆ ಏನು.

ಹೋಗಿ ಕಾಲು ಎತ್ತಿಸಿ ನೋಡಿದೆ. ಹೆಬ್ಬೆರಳ ಕೆಳಗೆ ಚಪ್ಪಲಿ ಕಚ್ಚಿದ ಹುಣ್ಣು, ಅದಕ್ಕೆ ಅರಿಷಿಣ ಮೆತ್ತಿದ್ದಳು. ವಾಸನಿ ಬರುತ್ತಿತ್ತು.

"ಎಷ್ಟ ದಿನಾತು?"

"ಹದಿನೈದ ದಿನ ಇರಬೇಕು. ನೋವಿಲ್ಲ ಬಿಡು ಅಕ್ಕಾ."

"ನೋವಿಲ್ಲದ್ದಕ್ಕ ಅಂಜಬೇಕ ಬೇ," ಅಂದೆ. ಸಿಸ್ಟರ್ ಹೇಳಿದ್ದು ನನಗೆ ನೆನಪಿತ್ತು, ಶುಗರ್ ಇದ್ದವರ ಕಾಲು ಸತ್ತಂಗಾಗುತ್ತದೆ ಎಂದು.

ಆಕಿಯ ಮಗ ದೊಡ್ಡ ದವಾಖಾನಿಗೆ ಕರೆದುಕೊಂಡು ಹೋದ. ನಾನೂ ಹೋದೆ. ಹೋದದ್ದು ಮಂಗಳವಾರ. ಆಪರೇಷನ್ ಅಂಜಿಕಿಗೆ ಆಕಿ ರವಿವಾರ ಸಂಜಿಯಿಂದಲೇ ನೀರೊಂದು ಬಿಟ್ಟರೆ ಬ್ಯಾರೆ ಏನೂ ಮುಟ್ಟಿರಲಿಲ್ಲ. ಅಲ್ಲಿಯೂ ರಕ್ತ ನೋಡಿದರು, ನಂಬರು ಛಲೋ ಬಂತು. ಕಾರ್ಡು ನೋಡಿದರು, ಅದರಲ್ಲೂ ಎಲ್ಲಾ ಛಲೋ. ಅಲ್ಲಿಯ ಸರ್ಜನ್ ಕಾಲು ಒತ್ತಿ ನೋಡಿ ಹೇಳಿದರು:

"ಶುಗರ್ ಹತೋಟಿಯೊಳಗ ಐತಿ. ಆದರೂ ಹುಣ್ಣು ಮಾಯವಲ್ತು ಅಂದರ ರಕ್ತದ ಓಟ ಕಡಿಮಿ ಆಗಿರಬೇಕು. ಮೂರು ವಾರ ಪಟ್ಟಿ ಕಟ್ಟಿ ನೋಡೂಣು. ಆಗಲಿಲ್ಲ ಅಂದರ ಬೆರಳು ತಗೀಬೇಕಾಕ್ಕೈತಿ. ಅಲ್ಲಿಗೂ ನಿಲ್ಲಲಿಲ್ಲ ಅಂದರ ಮುಂಗಾಲು."

ನೆಗೆಣ್ಣಿ ಮಗನ ಹೆಗಲು ಹಿಡಿದು ಎದ್ದಳು. ಹೊರಗೆ ಬಂದು ಒಂದೇ ಮಾತು ಕೇಳಿದಳು: "ಮುಂಗಾಲ ಇಲ್ಲದ ನಿಂತು ರೊಟ್ಟಿ ಬಡಿಯಾಕ ಬರತೈತೇನ ಅಕ್ಕಾ?"

ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಆಕಿಗೂ ಗೊತ್ತಿತ್ತು. ನನಗೆ ಇನ್ನೊಂದು ಗೊತ್ತಾಗಿತ್ತು. ಶುಗರ್ ಹತೋಟಿಯಲ್ಲಿ ಇರಲಿಲ್ಲ. ವಾರದಲ್ಲಿ ಒಂದು ಮುಂಜಾನೆ ಮಾತ್ರ ಇತ್ತು. ಆ ಒಂದು ಮುಂಜಾನೆಯನ್ನು ನಂಬಿ ಗುಳಿಗಿ ಕಡಿಮಿ ಮಾಡಿದ್ದರು, ಅದನ್ನೇ ನಂಬಿ ಬೆರಳು ಕತ್ತರಿಸುವವರಿದ್ದರು. ಆ ಮುಂಜಾನೆಯನ್ನು ಆಕಿಗೆ ಕಲಿಸಿದವಳು ನಾನು.

ಅದಕ್ಕೂ ಕೆಲವು ತಿಂಗಳ ಮೊದಲಿನಿಂದ ನಮ್ಮ ದವಾಖಾನಿಗೆ ಮೈಸೂರು ಕಡೆಯ ಒಬ್ಬ ಮೇಡಂ ಬರುತ್ತಿದ್ದರು, ನಾವು ಅವರಿಗೆ ಬಾಯಾರು ಅನ್ನುತ್ತಿದ್ದೆವು. ಅವರೂ ಡಾಕ್ಟರೇ, ಆದರೆ ಗುಳಿಗಿ ಕೊಡುವವರಲ್ಲ. ಮುಗಿಯದ ಬ್ಯಾನಿ ಇದ್ದವರನ್ನು ಇನ್ನೂ ಛಲೋ ನೋಡಿಕೊಳ್ಳುವುದು ಹೆಂಗೆ ಎಂದು ಸಂಶೋಧನೆ ಮಾಡುವವರು. ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು.

"ಡಾಕ್ಟರು ನಿಮಗೆ ತಿಳಿಯುವ ಹಾಗೆ ಹೇಳ್ತಾರಾ ಅಜ್ಜಿ?"

"ಛಲೋ ಹೇಳ್ತಾರ್ರಿ."

"ಔಷಧಿ ಸರಿಯಾಗಿ ಸಿಗುತ್ತಾ?"

"ಛಲೋ ಸಿಗತಾವ್ರಿ."

"ಏನಾದ್ರೂ ಬದಲಾಗಬೇಕು ಅನ್ಸುತ್ತಾ?"

"ಎಲ್ಲಾ ಛಲೋ ಐತ್ರಿ."

ಎಲ್ಲರೂ ಹಿಂಗೇ ಹೇಳಿದೆವು. ಪುಕ್ಕಟೆ ಗುಳಿಗಿ ಕೊಡುವವರ ಮೇಲೆ ಹೊರಗಿನಿಂದ ಬಂದವರ ಮುಂದೆ ಚಾಡಿ ಹೇಳುವುದು ನಮ್ಮಲ್ಲಿ ಪದ್ಧತಿ ಅಲ್ಲ. ಬಾಯಾರು ಬರೆದುಕೊಂಡೇ ಬರೆದುಕೊಂಡರು. ಆದರೆ ಅವರು ಕೈಯ ನರದಿಂದಲೂ ಒಂದು ಸಿರಿಂಜು ರಕ್ತ ತೆಗೆದುಕೊಂಡಿದ್ದರು. ಅದು ಮೂರು ತಿಂಗಳ ಶುಗರ್ ಒಟ್ಟು ಹೇಳುವ ಪರೀಕ್ಷಾ. ಅದರ ಲೆಕ್ಕಕ್ಕೂ ಮಂಗಳವಾರದ ನಂಬರಿಗೂ ತಾಳೆ ಆಗಲಿಲ್ಲ. ಮೂರು ತಿಂಗಳದ್ದು ಕೆಟ್ಟದ್ದಿತ್ತು, ಮಂಗಳವಾರದ್ದು ಬಂಗಾರ.

ಮಷೀನು ಕೆಟ್ಟಿದೆ ಎಂದು ಬದಲಿ ಮಾಡಿದರು. ಹೊಸದೂ ಅದನ್ನೇ ಹೇಳಿತು. ಮತ್ತೊಂದು ತಂದರು. ಅದೂ ಅದನ್ನೇ ಹೇಳಿತು. ಸಿಸ್ಟರ್‌ಗೆ ಚುಚ್ಚಲು ಬರುವುದಿಲ್ಲ ಎಂಬ ಮಾತು ಬಂತು. ಹತ್ತು ವರ್ಷ ನಮ್ಮ ಬೆರಳು ಚುಚ್ಚಿದವಳು ಆಕಿ. ಒಳಗಿನ ಕೋಣಿಯಲ್ಲಿ ಕಣ್ಣು ಒರೆಸಿಕೊಳ್ಳುವುದನ್ನು ನಾನು ನೋಡಿದೆ.

ಸರ್ಜನ್ ನೋಡಿದ ಮುಂದಿನ ಸೋಮವಾರ ಸಂಜಿಗೆ ನೆಗೆಣ್ಣಿಗೆ ಹೇಳಿದೆ, ನಾಳೆ ನಾನು ಬಾಯಾರಿಗೆ ಎಲ್ಲಾ ಹೇಳುತ್ತೇನೆ ಎಂದು.

"ಏನಂತ ಹೇಳ್ತಿ? ನಾವೆಲ್ಲಾ ಕಳ್ಳರು ಅಂತ?"

"ಹೌದು."

"ಸಾಹೇಬರು ಪಾಳ್ಯಾಗ ನಿಂದರ್ಸಿ ಮಾನ ಕಳೀತಾರ. ಮ್ಯಾಲೆ ಇನ್ಸುಲಿನ್ ಸೂಜಿ ಹಚ್ತಾರ, ದಿನಾ ಹೊಟ್ಟಿಗೆ ಚುಚ್ಕೊಬೇಕು. ನನಗ ಬ್ಯಾಡ."

"ಬೆರಳ ಹೋಗೂದು ಬೇಕೇನು?"

"ನನ್ನ ಬೆರಳು. ನಿನ್ನದಲ್ಲ. ಹೇಳಿದಿ ಅಂದರ ನಿನ್ನ ಮಾರಿ ನೋಡೂದಿಲ್ಲ."

"ನೋಡಬ್ಯಾಡ. ಮನಿ ತಣ್ಣಗಿರತೈತಿ," ಅಂದೆ.

ಮರುದಿನ ಬಾಯಾರ ಮುಂದೆ ಕೂತೆ. ಅವರು ಹಾಳಿ ತೆಗೆದರು. ನಾನು ಹಾಳಿ ಬದಿಗಿಡಿರಿ ಅಂದೆ.

"ನಿಮ್ಮ ಮಷೀನ ಛಲೋ ಐತ್ರಿ ಬಾಯಾರ. ಸಿಸ್ಟರ್ ಕೈನೂ ಛಲೋ ಐತಿ. ನಾವು ಸೋಮವಾರ ಉಪವಾಸ ಮಾಡಿ ಬರ್ತೇವ್ರಿ."

ಅವರಿಗೆ ತಿಳಿಯಲಿಲ್ಲ. "ಒಳ್ಳೇದೇ ಅಲ್ವಾ ಅಜ್ಜಿ, ಖಾಲಿ ಹೊಟ್ಟೇಲೇ ಬರಬೇಕು ಅಂತ ನಾವೇ ಹೇಳಿದ್ದೀವಲ್ಲ."

"ನೀವು ಹೇಳಿದ್ದು ಒಂದು ರಾತ್ರಿದ್ದು. ನಾವು ಮಾಡೂದು ಹಗಲೂ ರಾತ್ರಿದ್ದು."

ಆದರೂ ಅವರು ತಲಿ ಅಲ್ಲಾಡಿಸಿದರೇ ಹೊರತು ಹೊಳೆಯಲಿಲ್ಲ. ಓದಿದವರಿಗೆ ಕೆಲವೊಂದು ಬಾಯಿಲೆ ಹೇಳಿದರೆ ತಿಳಿಯುವುದಿಲ್ಲ. ನಾನು ಎದ್ದೆ.

"ಬರ್ರಿ, ಗಿರ್ಮಿಟ್ ತಿನ್ನೂಣು."

ಗೇಟಿನ ಹೊರಗೆ ನಮ್ಮ ಪಾಳಿ ಪೂರಾ ನಿಂತಿತ್ತು. ಒಬ್ಬಾಕಿಯ ಕೈಯಲ್ಲಿ ಮಿರ್ಚಿ, ಇನ್ನೊಬ್ಬಾಕಿಯ ಬಾಯಲ್ಲಿ ಮಿರ್ಚಿ. ನೆಗೆಣ್ಣಿ ಕಟ್ಟೆಯ ಮೇಲೆ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತು ಎರಡನೇ ತಟ್ಟೆ ತಿನ್ನುತ್ತಿದ್ದಳು. ಬಾಯಾರನ್ನು ನೋಡಿದ ಕೂಡಲೇ ಎಲ್ಲರ ಬಾಯಿ ನಿಂತಿತು. ಆಪಾ ಭಜಿಯನ್ನು ಸೆರಗಿನೊಳಗೆ ಹಾಕಿಕೊಂಡಳು, ಎಣ್ಣಿ ಸೀರಿಗೆ ಇಳಿಯಿತು.

ಗಾಡಿಯವನಿಗೆ ಏನೂ ಗೊತ್ತಿಲ್ಲ. "ಬರ್ರಿ ಮೇಡಂ," ಅಂದ. "ಮಂಗಳವಾರ ನಮ್ಮ ಗಾಡಿಗೆ ಹಬ್ಬರಿ. ಪಾಪ ಇವರೆಲ್ಲಾ ಸೋಮವಾರದ ಉಪವಾಸದವರು, ಇಲ್ಲೇ ಬಂದು ಬಿಡ್ತಾರ್ರಿ. ಉಳಿದ ದಿನ ಇಷ್ಟ ಮಂದಿ ಇರೂದಿಲ್ಲ."

ಬಾಯಾರು ತಟ್ಟೆಗಳನ್ನು ನೋಡಿದರು, ನಮ್ಮನ್ನು ನೋಡಿದರು, ಗೇಟಿನ ಒಳಗಿನ ದವಾಖಾನಿಯನ್ನು ನೋಡಿದರು. ಆಗ ಅವರ ಮಾರಿ ಮೇಲೆ ತಿಳಿದದ್ದು ಬಂತು. ಬೈಯುತ್ತಾರೆ ಎಂದು ಎಲ್ಲರೂ ಕಾದೆವು. ಅವರು ತಾವೂ ಒಂದು ತಟ್ಟೆ ತೆಗೆದುಕೊಂಡು ಕಟ್ಟೆಯ ಮೇಲೆ ನೆಗೆಣ್ಣಿಯ ಮಗ್ಗಲು ಕೂತರು. ಖಾರ ಹತ್ತಿ ಕಣ್ಣಲ್ಲಿ ನೀರು ಬಂತು. ನೀರು ಕುಡಿದು ಒಂದೇ ಮಾತು ಕೇಳಿದರು.

"ಯಾಕೆ?"

ಎಲ್ಲರೂ ತಟ್ಟೆ ಕೆಳಗಿಟ್ಟರು. ಕಡೆಗೆ ಆಪಾ ಹೇಳಿದಳು.

"ಬೈತಾರ್ರಿ."

ಬಾಯಾರು ಆ ಒಂದು ಮಾತನ್ನು ಹಾಳಿಯ ಮೇಲೆ ಬರೆದುಕೊಂಡು ಅದರ ಕೆಳಗೆ ಗೆರಿ ಹೊಡೆದರು. ಅಷ್ಟು ತಿಂಗಳು ಬರೆದುಕೊಂಡದ್ದರಲ್ಲಿ ಖರೇ ಮಾತು ಅದೊಂದೇ ಇತ್ತು.

ಶುಕ್ರವಾರ ಬರುತ್ತೇವೆ, ಉಂಡು ತಿಂದು ಯಾವತ್ತಿನಂಗೆ ಇರಿ ಎಂದು ಎಲ್ಲರಿಗೂ ಹೇಳಿದರು. ನೆಗೆಣ್ಣಿ ನನ್ನ ಕಡೆ ನೋಡದೆ ಆಪಾಳ ಹೆಗಲು ಹಿಡಿದು ಮನಿಗೆ ಹೋದಳು. ಅಲ್ಲಿಂದ ಮಾತು ಬಂದ್.

ಶುಕ್ರವಾರ ಬಾಯಾರು, ಸಿಸ್ಟರ್ ಓಣಿಗೇ ಬಂದರು. ನೆಗೆಣ್ಣಿ ಬಾಗಿಲು ಹಾಕಿಕೊಂಡಿದ್ದಳು. ಬಚ್ಚಲ ಒಂದೇ ಇರುವುದು ಆವತ್ತು ಉಪಯೋಗಕ್ಕೆ ಬಂತು. ನನ್ನ ಮನಿಯಿಂದ ಬಚ್ಚಲಕ್ಕೆ, ಬಚ್ಚಲದಿಂದ ಆಕಿಯ ಅಡಗಿ ಮನಿಗೆ ಸಿಸ್ಟರ್‌ಳನ್ನೂ ಬಾಯಾರನ್ನೂ ಕರೆದುಕೊಂಡು ಹೋದೆ. ಸಿಸ್ಟರ್ ಆಕಿಯ ಮುಂದೆ ಕೂತು, "ಅಮ್ಮಾ, ನಿಮ್ಮ ಸಲುವಾಗಿ ಅಲ್ಲ, ನನ್ನ ಸಲುವಾಗಿ ಬೆರಳು ಕೊಡ್ರಿ. ನನಗ ಚುಚ್ಚಾಕ ಬರೂದಿಲ್ಲ ಅನ್ನಾಕತ್ತಾರ," ಅಂದಳು. ನೆಗೆಣ್ಣಿ ಬೆರಳು ಕೊಟ್ಟಳು.

ನಾಲ್ಕು ನೂರಾ ಹದಿನೆಂಟು.

ಯಾರೂ ಜೋರಾಗಿ ಓದಲಿಲ್ಲ. ಬಾಯಾರು ಮಷೀನನ್ನು ಆಕಿಯ ಕೈಗೇ ಕೊಟ್ಟರು. ಆಕಿಗೆ ಅಕ್ಷರ ಬರದಿದ್ದರೂ ನಂಬರು ಬರುತ್ತದೆ. ಬಾಳ ಹೊತ್ತು ನೋಡಿದಳು.

"ಇದು ನಂದ?"

"ನಿಮ್ಮದೇ ಅಮ್ಮ. ಇದನ್ನ ಇಳಿಸಿದ್ರೆ ಬೆರಳು ಉಳಿಯೋಕೆ ದಾರಿ ಇದೆ."

ಸಾಹೇಬರು ಬರೆದುಕೊಟ್ಟು ಆವತ್ತೇ ಇನ್ಸುಲಿನ್ ಶುರುವಾಯಿತು. ಸರ್ಜನ್‌ಗೂ ಬಾಯಾರೇ ಫೋನು ಹಚ್ಚಿ ಎಲ್ಲಾ ಹೇಳಿದರು. ಸೂಜಿ ಹಾಕುವುದು ಯಾರು ಎಂದು ಪ್ರಶ್ನೆ ಬಂತು. ಸೊಸಿ ಮುಂಜಾನೆ ಎಂಟಕ್ಕೆ ಕೆಲಸಕ್ಕೆ ಹೋಗುತ್ತಾಳೆ, ಮಗನಿಗೆ ರಕ್ತ ಕಂಡರೆ ತಲಿ ತಿರುಗುತ್ತದೆ. ನೆಗೆಣ್ಣಿ ತಾನೇ ಹಾಕಿಕೊಳ್ಳಲು ಒಪ್ಪಲಿಲ್ಲ. ಸಿಸ್ಟರ್ ನನ್ನ ಕೈಗೆ ಸಿರಿಂಜು ಕೊಟ್ಟು ಬದನಿಕಾಯಿ ಮೇಲೆ ಕಲಿಸಿದಳು. ಅರ್ಧ ಕಿಲೋ ಬದನಿಕಾಯಿ ಚುಚ್ಚಿದ ಮೇಲೆ ಕೈ ಕೂತಿತು.

ಆಮೇಲೆ ದಿನಾ ಎರಡು ಹೊತ್ತು ಹಿಂಗೆ ನಡೆಯಿತು. ನಾನು ಬಚ್ಚಲ ದಾಟಿ ಆಕಿಯ ಕಡೆ ಹೋಗುತ್ತಿದ್ದೆ. ಆಕಿ ಗೋಡೆಯ ಕಡೆ ಮಾರಿ ಮಾಡಿ ಕೂತು ಸೀರಿ ಸರಿಸಿ ಹೊಟ್ಟಿ ತೋರಿಸುತ್ತಿದ್ದಳು. ನಾನು ಚುಚ್ಚುತ್ತಿದ್ದೆ. ನಾನೂ ಮಾತಾಡುತ್ತಿರಲಿಲ್ಲ, ಆಕಿಯೂ ಇಲ್ಲ. ಚುಚ್ಚಿ, ಎದ್ದು ಬರುತ್ತಿದ್ದೆ. ಒಂದು ದಿನ ನಾನು ತಡ ಮಾಡಿದೆ. ಆಕಿ ನನಗೆ ಹೇಳದೆ ಗೋಡೆಗೆ ಹೇಳಿದಳು: "ಕೆಲವರಿಗೆ ಟೈಮ್ ಅಂದರ ಏನಂತ ಗೊತ್ತಿಲ್ಲ." ನಾನೂ ಗೋಡೆಗೇ ಹೇಳಿದೆ: "ಕೆಲವರಿಗೆ ಪುಕ್ಕಟೆ ಡಾಕ್ಟರ್ ಸಿಕ್ಕಾರ."

ಹುಣ್ಣಿನ ಮೇಲೆ ಭಾರ ಬೀಳಬಾರದು ಎಂದು ಬಾಯಾರು ಹೇಳಿದ್ದರು. ಆಪಾಳ ಗಂಡ ಅದನ್ನು ಕೇಳಿಸಿಕೊಂಡು, ಆಟೋ ಸೀಟಿಗೆ ಹಾಕುವ ಸ್ಪಂಜು ತಂದು ಆಕಿಯ ಕಾಲಿನ ಅಳತಿಗೆ ಕತ್ತರಿಸಿದ. ಹೆಬ್ಬೆರಳ ಹುಣ್ಣು ಇರುವಲ್ಲಿ ದುಂಡಗೆ ಕುಣಿ ತೆಗೆದ. ಮೇಲೆ ಕೆಂಪು ರೆಕ್ಸಿನ್ ಹೊಲಿದ. ಬಾಯಾರು ಅದನ್ನು ತಿರುವಿ ತಿರುವಿ ನೋಡಿ, ಅಂಗಡಿಯಲ್ಲಿ ಸಿಗುವುದಕ್ಕಿಂತ ಚೆನ್ನಾಗಿದೆ ಎಂದರು. ದೇಶಪಾಂಡೆ ನಗರದ ಚಪ್ಪಲಿ ಅಂಗಡಿಯವರಿಗೂ ಇಂಥದ್ದು ಹೊಲಿಯಲು ಬರುವುದಿಲ್ಲ ಎಂದು ಅವನು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ಹೇಳಿಕೊಳ್ಳಲಿ. ಖರೇನೇ ಇದೆ.

ಮೂರು ವಾರಕ್ಕೆ ಸರ್ಜನ್ ಪಟ್ಟಿ ಬಿಚ್ಚಿದರು. ನಾನು ಆಕಿಯ ಕಾಲು ನೋಡಲಿಲ್ಲ, ಅವರ ಮಾರಿ ನೋಡಿದೆ.

"ಕೆಂಪು ಮಾಂಸ ಬರಾಕತ್ತೈತಿ," ಅಂದರು. "ಚಾಕೂದ ಕೆಲಸ ಈಗ ಬ್ಯಾಡ. ಹಿಂಗ ನಡಸ್ರಿ."

ನೆಗೆಣ್ಣಿ ಟೇಬಲ್ ಮೇಲೆ ಮಲಗಿದ್ದಲ್ಲೇ ನನ್ನ ಕೈ ಹುಡುಕಿದಳು. ಸಿಕ್ಕ ಮೇಲೆ ಜೋರಾಗಿ ಚಿವುಟಿದಳು. ಅದನ್ನು ಮಾತು ಎಂದು ಹಿಡಿಯಬಹುದೋ ಇಲ್ಲವೋ ಎಂದು ನನಗೆ ತಿಳಿಯಲಿಲ್ಲ.

ಇತ್ತ ದವಾಖಾನಿಯಲ್ಲಿ ದೊಡ್ಡ ಮೀಟಿಂಗು ಕರೆದರು. ಮೇಲಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ನನ್ನನ್ನೂ ಆಪಾಳನ್ನೂ ಕುರ್ಚಿ ಹಾಕಿ ಮುಂದೆ ಕೂಡಿಸಿದರು. ಗೋಡೆ ಮೇಲೆ ಬೆಳಕು ಬಿಟ್ಟು ನಮ್ಮ ನಂಬರಿನ ಗೆರಿ ತೋರಿಸಿದರು. ನಮ್ಮ ಉಪವಾಸ ಬಿಡಿಸಿದ ಮೇಲೆ ಎಲ್ಲರ ನಂಬರೂ ಮೇಲೆ ಏರಿತ್ತು. ಅಧಿಕಾರಿಗೆ ಸಿಟ್ಟು ಬಂತು.

"ಇದು ಸುಧಾರಣೆನಾ? ನೀವು ಬರೋಕಿಂತ ಮೊದಲೇ ಚೆನ್ನಾಗಿತ್ತಲ್ರಿ ಮೇಡಂ."

ಬಾಯಾರು ಏನೋ ಹೇಳಲು ಬಾಯಿ ತೆಗೆದರು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ಸಾಹೇಬ್ರ, ಮೊದಲ ಛಲೋ ಇರಲಿಲ್ರಿ. ಛಲೋ ಕಾಣತಿತ್ತು. ಬೀಗರು ಬರ್ತಾರಂದ್ರ ಮನಿ ಕಸ ಎಲ್ಲಾ ಮಂಚದ ಕೆಳಗ ಸರಸ್ತೇವಲ್ರಿ, ಹಂಗಿತ್ತು. ಈಗ ಕಸ ಹೊರಗ ಬಂದೈತಿ. ಬಂದರನ ಗುಡಸಾಕ ಬರೂದು."

ಅಧಿಕಾರಿ ಇನ್ನೊಮ್ಮೆ ಗೆರಿಯ ಕಡೆ ನೋಡಿದರು. ನಮ್ಮ ಡಾಕ್ಟರ್ ಸಾಹೇಬರು ಹಿಂದಿನ ಸಾಲಿನಿಂದ ಎದ್ದರು. ಏನನ್ನುತ್ತಾರೋ ಎಂದು ನಾನು ಆಪಾಳ ಕೈ ಹಿಡಿದೆ.

"ತಪ್ಪು ನಂದೂ ಐತಿ," ಅಂದರು. "ಬೈದರ ಸುಧಾರಿಸ್ತಾರ ಅಂತ ತಿಳದಿದ್ದೆ. ನಂಬರು ಸುಧಾರಿಸ್ತು, ಮಂದಿ ಸುಧಾರಿಸಲಿಲ್ಲ. ಅಮ್ಮಾ, ಏನ ಮಾಡಬೇಕು ನೀವ ಹೇಳ್ರಿ."

ಎಪ್ಪತ್ತು ದಾಟಿದವಳನ್ನು ಡಾಕ್ಟರ್ ಕೇಳಿದ್ದು ಅದು. ನಾನು ಹೇಳಿದೆ. ಪಾಳ್ಯಾಗ ನಂಬರು ಜೋರಾಗಿ ಓದಬ್ಯಾಡ್ರಿ, ಅವರವರಿಗೆ ತೋರಿಸ್ರಿ. ಮಂಗಳವಾರ ಒಂದೇ ಇಡಬ್ಯಾಡ್ರಿ, ದಿನ ತಿರುಗಿಸ್ರಿ, ಹೇಳದ ಕೇಳದ ಮನಿಗೂ ಬರ್ರಿ. ಒಂದು ನಂಬರು ನೋಡಿ ಗುಳಿಗಿ ಕಡಿಮಿ ಮಾಡಬ್ಯಾಡ್ರಿ. ಉಪವಾಸ ಮಾಡುವವರನ್ನು ಕೇಳಿ ಅದಕ್ಕೆ ತಕ್ಕ ಗುಳಿಗಿ ಬರೀರಿ, 'ದೇವರ ಕೆಲಸಾ ಬಿಡ್ರಿ' ಅನ್ನಬ್ಯಾಡ್ರಿ, ಅಂದರ ನಾವು ಕದ್ದು ಮಾಡ್ತೇವಿ. ಆಪಾ ಮಗ್ಗಲಿಂದ ಜಗ್ಗಿ, "ಬೈಬ್ಯಾಡ್ರಿ ಅನ್ನೂದ ಮೊದಲ ಬರಸ ಅಕ್ಕಾ," ಅಂದಳು.

ಬಾಯಾರು ಅದನ್ನೇ ಮೊದಲು ಬರೆದರು. ಈಗ ಅದು ನಮ್ಮ ದವಾಖಾನಿಯ ಒಳಗಿನ ಗೋಡೆಗೆ ಹಚ್ಚಿದೆ. ಬ್ಯಾರೆ ದವಾಖಾನಿಯವರೂ ಬಂದು ನೋಡಿಕೊಂಡು ಹೋಗುತ್ತಾರೆ. ಸಾಹೇಬರು ಮರೆತು ಒಮ್ಮೆ ಒಬ್ಬಾಕಿಗೆ ಹೋಳಗಿ ಮಾತು ಎತ್ತಿದರು. ನಾನು ಪಾಳಿಯಲ್ಲಿ ನಿಂತು ಗೋಡೆ ಕಡೆ ಬೆರಳು ಮಾಡಿದೆ. ಈ ಸಲವೂ ಪಾಳಿ ನಕ್ಕಿತು, ಸಾಹೇಬರೂ ನಕ್ಕರು.

ಏರಿದ ನಂಬರು ಒಂದೇ ಸಲ ಇಳಿಯಲಿಲ್ಲ. ಮೆಲ್ಲಗೆ ಇಳಿಯಿತು. ಮುಂದಿನ ಸಲ ಮೂರು ತಿಂಗಳ ರಕ್ತ ತೆಗೆದಾಗ ಬಾಯಾರು ನಮ್ಮ ಓಣಿಗೇ ಬಂದು ಹಾಳಿ ತೋರಿಸಿದರು. ನನ್ನದು ಇಳಿದಿತ್ತು, ಆಪಾಳದು ಇಳಿದಿತ್ತು. ನೆಗೆಣ್ಣಿಯದು ಎಲ್ಲರಿಗಿಂತ ಜಾಸ್ತಿ ಇಳಿದಿತ್ತು. ಅದನ್ನು ಆಕಿ ಇನ್ನೂ ಸೊಕ್ಕಿನಿಂದ ಹೇಳುತ್ತಾಳೆ. ಚುಚ್ಚಿದವಳು ಯಾರು ಎಂದು ಮಾತ್ರ ಹೇಳುವುದಿಲ್ಲ. ಗಿರ್ಮಿಟ್ ಗಾಡಿಯವನ ಮಂಗಳವಾರ ಕೆಟ್ಟಿತು. ಈಗ ಅವನು ಎಣ್ಣಿ ಕಡಿಮಿ ಮಾಡಿ ಮೊಳಕಿ ಕಾಳು ಹಾಕಿ ಬ್ಯಾರೆ ನಮೂನಿ ಮಾಡುತ್ತಾನೆ. ರುಚಿ ಇಲ್ಲ. ಆದರೂ ತಿನ್ನುತ್ತೇವೆ. ಸೋಮವಾರದ ಒಪ್ಪತ್ತನ್ನು ನಾನು ಬಿಟ್ಟಿಲ್ಲ. ಸಾಹೇಬರಿಗೆ ಹೇಳಿ, ಆ ದಿನದ ಗುಳಿಗಿ ಬ್ಯಾರೆ ಬರೆಸಿಕೊಂಡು ಹಿಡಿಯುತ್ತೇನೆ.

ಹುಣ್ಣು ಪೂರಾ ಮಾಯಲು ದೀಪಾವಳಿ ಬಂತು. ಹಬ್ಬದ ಮುಂಚಿನ ದಿನ ನಾನು ಬಚ್ಚಲದ ಮುಂದಿನ ಕಲ್ಲು ತಿಕ್ಕಿ ತೊಳೆದು, ಒರೆಸಿ, ಸೊಂಟ ಹಿಡಿದು ನಿಂತಿದ್ದೆ. ನೆಗೆಣ್ಣಿ ಜಳಕ ಮುಗಿಸಿ ಖಾನಾವಳಿಗೆ ಹೊತ್ತಾಯಿತೆಂದು ಕಾಲು ಒರೆಸಿಕೊಳ್ಳದೆ ನಡುವೆ ಹಾದು ಹೋದಳು. ಒಣಗಿದ ಕಲ್ಲಿನ ಮೇಲೆ ಹೆಜ್ಜಿ ಮೂಡಿದವು. ಎಡಗಾಲಿಗೆ ಐದು ಬೆರಳು, ಬಲಗಾಲಿಗೆ ಐದು ಬೆರಳು. ಹೆಬ್ಬೆರಳು ಎಲ್ಲಕ್ಕಿಂತ ದೊಡ್ಡದಾಗಿ ಒತ್ತಿತ್ತು.

"ಕಾಲ ಒರಸ್ಕೊಂಡ ಬರಾಕ ಏನ ಬ್ಯಾನಿ ನಿನಗ?" ಅಂದೆ.

ಆಕಿ ಹೊರಳಿ ನಿಂತಳು. ಅಷ್ಟು ತಿಂಗಳ ಮೇಲೆ ಮೊದಲ ಸಲ ಗೋಡೆಯನ್ನು ಬಿಟ್ಟು ನನ್ನ ಜೋಡಿ ಮಾತಾಡಿದಳು.

"ಈಗ ಏನೂ ಬ್ಯಾನಿ ಇಲ್ಲ. ನೀ ಒರಸು."

ಒರೆಸಿದೆ. ಆಕಿ ಗಲ್ಲಿ ತಿರುಗುವ ತನಕ ಕಾದು ಒರೆಸಿದೆ.